ಹಳೆ ಕಂಪ್ಯೂಟರಿಗೆ ಅಬಿವರ್ಡ್ ಸಾಕೇ?

ಪ್ರಶ್ನೆ: ನಮ್ಮದು 2 ಜಿಬಿ ರ‍್ಯಾಮಿನ ಹಳೆ ಕಂಪ್ಯೂಟರ್, ಲಿನಕ್ಸ್ ಇದೆ. ಪತ್ರ, ತೋಟದ ಆಳುಗಳ ಸಂಬಳದ ಪಟ್ಟಿ ಬರೆಯಲು ಉಚಿತ ಬರಹ ತಂತ್ರಾಂಶ ಅಬಿವರ್ಡ್ ಸಾಕೇ? ಮಳೆಗಾಲದಲ್ಲಿ ಕರೆಂಟ್ ನಂಬುವಂತಿಲ್ಲ.
– ಓದುಗರು, ಸೋಮವಾರಪೇಟೆ

ಉತ್ತರ: ಪತ್ರಕ್ಕೆ ಧಾರಾಳವಾಗಿ ಸಾಕು. ಇನ್ನೊಂದು ಉಚಿತ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸಿಗಿಂತ ಬೇಗ ತೆರೆದುಕೊಳ್ಳುತ್ತದೆ, ರ‍್ಯಾಮೂ ಕಡಿಮೆ ತಿನ್ನುತ್ತದೆ. ಸಂಬಳದ ಪಟ್ಟಿಗೆ ಮಾತ್ರ ಬೇಡ. ಕೂಡಿಸಿ ಕಳೆಯುವ ಕೆಲಸಕ್ಕೆ ಗ್ನ್ಯೂಮರಿಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶ ಹಾಕಿಕೊಳ್ಳಿ, ಅದೂ ಉಚಿತ, ಅದೂ ಹಗುರ.

ಕರೆಂಟಿನ ವಿಷಯ: ಕಡತಕ್ಕೆ ಮೊದಲೇ ಹೆಸರು ಕೊಟ್ಟು ಸೇವ್ ಮಾಡಿ. ಆಮೇಲೆ ಎಡಿಟ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ ಆಟೋಸೇವ್‌ಗೆ ಗುರುತು ಹಾಕಿ, ಅವಧಿ 2 ನಿಮಿಷಕ್ಕೆ ಇಳಿಸಿ. ಆದರೂ ಪ್ಯಾರಾಕ್ಕೊಮ್ಮೆ ಕಂಟ್ರೋಲ್-ಎಸ್ ಒತ್ತುವ ಅಭ್ಯಾಸ ಬಿಡಬೇಡಿ.

ಕೋಷ್ಟಕ, ಚಿತ್ರ ತುಂಬಿದ ಡಾಕ್ಸ್ (ಮೈಕ್ರೋಸಾಫ್ಟ್ ವರ್ಡ್) ಕಡತ ತೆರೆದರೆ ಅಂಚುಗಳು ಸರಿದು ಪುಟ ಕದಡಬಹುದು. ಬೇರೆಯವರು ತಿದ್ದಬೇಕಿಲ್ಲದ ಪತ್ರವನ್ನು ಪಿಡಿಎಫ್ ಮಾಡಿಯೇ ಕಳಿಸಿ.

ಪ್ರಶ್ನೆ: ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶದ ಹಳೆಯ ಕಡತವನ್ನು ಅಬಿವರ್ಡಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ.
– ಓದುಗರು, ವಿರಾಜಪೇಟೆ

ಉತ್ತರ: ತಪ್ಪು ಅಬಿವರ್ಡಿನದಲ್ಲ. ‘ನುಡಿ 01 ಇ’ಯಂಥ ಹಳೆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದವು; ಫಾಂಟ್ ಇಲ್ಲದಿದ್ದರೆ ಒಳಗಿನದು ಹೊರಬೀಳುತ್ತದೆ. ಪರಿವರ್ತಕ ತಂತ್ರಾಂಶದಲ್ಲಿ ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರುಗಳೂ ಬಳಸುವ ಅಕ್ಷರ ಸಂಕೇತ) ಬದಲಿಸಿ, ನೋಟೋ ಸಾನ್ಸ್ ಕನ್ನಡ ಫಾಂಟ್ ಆರಿಸಿ. ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ, ಪರಿವರ್ತಕ ಎಡವುವುದು ಅಲ್ಲೇ. ಹೊಸದಾಗಿ ಟೈಪಿಸಲು ಲಿನಕ್ಸಿನ ಟೈಪಿಂಗ್ ವ್ಯವಸ್ಥೆ ಐಬಸ್‌ನಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ಸೇರಿಸಿಕೊಂಡರೆ ನುಡಿಯ ಕೈರೂಢಿಯೇ ನಡೆಯುತ್ತದೆ.