ತೂಕದ ಯಂತ್ರ ಮಗನಿಗೇ ಇರಲಿ

ದಾವಣಗೆರೆಯ 54ರ ಓದುಗರೊಬ್ಬರು ಐದು ತಿಂಗಳಿಂದ ಬೆಳಗ್ಗೆ ಎದ್ದು ಕುಂದವಾಡ ಕೆರೆಯ ಹತ್ತಿರ ಮುಕ್ಕಾಲು ಗಂಟೆ ವಾಕಿಂಗ್ ಮಾಡುತ್ತಿದ್ದಾರೆ. 78 ಕೆಜಿ ಇದ್ದವರು 77 ಆಗಿದ್ದಾರೆ, ಅಷ್ಟೇ. ಬೆಂಗಳೂರಿನಲ್ಲಿರುವ ಮಗ ಆನ್‌ಲೈನಲ್ಲಿ ತೂಕದ ಯಂತ್ರ ತರಿಸಿಕೊಟ್ಟಿದ್ದಾನೆ. ಪ್ರತಿ ಭಾನುವಾರ ಅದರ ಮೇಲೆ ನಿಂತು, ಫೋಟೊ ತೆಗೆದು ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಕಂತೆ. ಹಾಕಿದರೆ ನಾದಿನಿಯಿಂದ ನಗುವ ಇಮೋಜಿ, ಮಗನಿಂದ ‘ಅಮ್ಮಾ, ಅನ್ನ ಬಿಡು’. ಯಜಮಾನರದು ‘ಸುಮ್ನೆ ಮೊಣಕಾಲು ಸವೆಸ್ಕಂತೀಯ’. ಈ ಭಾಗ್ಯಕ್ಕೆ ನಡೆಯೋದು ಯಾಕೆ, ನಿಲ್ಲಿಸಿಬಿಡಲಾ ಎಂಬುದು ಅವರ ಪ್ರಶ್ನೆ.

ಮೂರು ಪುಟದ ಪತ್ರ. ಸಹಿಗೆ ಸ್ವಲ್ಪ ಮೇಲೆ, ಬ್ರಾಕೆಟ್ಟಿನೊಳಗೆ ಒಂದು ಸಾಲಿದೆ: ‘ಮೂರು ತಿಂಗಳ ಶುಗರ್ 8.1 ಇದ್ದದ್ದು 7.2 ಬಂದಿದೆ, ರಾತ್ರಿ ನಿದ್ದೆನೂ ಆಗ್ತಿದೆ.’

ಅಲ್ಲಾ ರೀ, ಇದನ್ನು ಬ್ರಾಕೆಟ್ಟಿನಲ್ಲಿ ಬರೆಯುತ್ತಾರಾ? ನಾದಿನಿಯ ಇಮೋಜಿಗೆ ಅರ್ಧ ಪುಟ ಕೊಟ್ಟಿದ್ದೀರಿ!

ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಹೇಳುವ ಆ ಅಂಕಿ (HbA1c) ಹೀಗೇ ಇಳಿದು ನಿಂತರೆ ನಿಮ್ಮ ಕಣ್ಣು, ಕಿಡ್ನಿ, ಪಾದದ ನರಗಳಿಗೆಲ್ಲ ಒಳ್ಳೆಯದು. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್ನಿಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ವಾಕಿಂಗ್ ಮುಗಿದ ಮೇಲೂ ಒಂದು ದಿನದ ಮಟ್ಟಿಗೆ ಇನ್ಸುಲಿನ್ನಿನ ಮಾತು ಚೆನ್ನಾಗಿ ಕೇಳುತ್ತವೆ. ಇದಕ್ಕೆ ಹೊಟ್ಟೆ ಕರಗಲೇಬೇಕು ಅಂತೇನಿಲ್ಲ.

ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರಿದ್ದರು. ಬಸ್ಸಿನಲ್ಲಿ ದಿನವಿಡೀ ಕೂತಿರುವ ಡ್ರೈವರುಗಳಿಗಿಂತ, ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು 1953ರಲ್ಲಿ ತೋರಿಸಿದರು. ಡ್ರೈವರುಗಳು ದಪ್ಪ ಇದ್ದರಲ್ಲ, ಅದಕ್ಕೇ ಇರಬಹುದು ಎಂಬ ಅನುಮಾನ ಬಂತು. ಮಾರಿಸ್ ಆ ಬಸ್ ನೌಕರರ ಸಮವಸ್ತ್ರದ ಪ್ಯಾಂಟಿನ ಸೊಂಟದಳತೆಗಳನ್ನೇ ತರಿಸಿ ನೋಡಿದರು. ಸಣಕಲನಿರಲಿ, ಡೊಳ್ಳುಹೊಟ್ಟೆಯವನಿರಲಿ, ಕಂಡಕ್ಟರಿಗೇ ಅಪಾಯ ಕಡಿಮೆ! ಎಪ್ಪತ್ತು ವರ್ಷದ ಹಿಂದೆಯೇ ತಿಳಿದ ಸಂಗತಿ ನಮ್ಮ ಫ್ಯಾಮಿಲಿ ಗ್ರೂಪುಗಳಿಗೆ ಇನ್ನೂ ಮುಟ್ಟಿಲ್ಲ.

ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅವರಿಗೆ ನಿಮ್ಮ ಕಾಲಿನ ಚಿಂತೆ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮೊಣಕಾಲಿಗೇ ಆಸರೆ ಎಂದು ಹೇಳಿ, ಅವರನ್ನೂ ಕೆರೆಗೆ ಎಬ್ಬಿಸಿಕೊಂಡು ಹೋಗಿ. ನಾದಿನಿಗೆ ಉತ್ತರ ಕೊಡುವ ಅಗತ್ಯವಿಲ್ಲ.

ತಪ್ಪೆಲ್ಲ ಮಗನದು. ಹೆಂಗಸರ ತೂಕ ಮನೆಮಂದಿ ಕೂತು ಚರ್ಚಿಸುವ ವಿಷಯವಲ್ಲ ಎಂದು ಈ ಅಂಕಣದಲ್ಲಿ ನಾನು ಬಾಯಿ ನೋಯುವಷ್ಟು ಹೇಳಿದ್ದೇನೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಿದ್ದೂ ವಾರವಾರ ಕಿಲೋ ಕೇಳುವವನಿಗೆ, ಶುಗರ್ ರಿಪೋರ್ಟ್ ಏನು ಬಂತು ಅಂತ ಒಂದು ಫೋನ್ ಮಾಡಲು ಆಗಲಿಲ್ಲ.

ವಾಕಿಂಗ್ ನಿಲ್ಲಿಸುವ ಮಾತೇ ಬೇಡ. ಶುಗರ್ ಇಳಿಯಿತೆಂದು ಡಾಕ್ಟರನ್ನು ಕೇಳದೆ ಮಾತ್ರೆ ಬಿಡುವುದೂ ಬೇಡ. ನೀವು ಮಾಡಬೇಕಾದ್ದು ಒಂದೇ. ಭಾನುವಾರ ಬರುವುದರೊಳಗೆ ಆ ತೂಕದ ಯಂತ್ರವನ್ನು ಅದು ಬಂದ ಡಬ್ಬಕ್ಕೇ ತುಂಬಿ ಬೆಂಗಳೂರಿಗೆ ಕಳಿಸಿ. ‘ದಿನಾ ಕುರ್ಚಿ ಮೇಲೆ ಕೂರೋನು ನೀನು, ನೀನೇ ನಿಂತ್ಕೊ’ ಅಂತ ಗ್ರೂಪಿನಲ್ಲಿ ಹಾಕಿ. ಕೊರಿಯರ್ ದುಡ್ಡು ಅವನೇ ಕೊಡಲಿ.