‘ವಿಡರ್‌ಶಿನ್ಸ್’ ಪದದ ಕಾಗುಣಿತ ಮತ್ತು ಮೂಲ

ಮಾನ್ಯರೇ, ‘ವಿಡರ್‌ಶಿನ್ಸ್’ ಎಂಬ ಇಂಗ್ಲಿಷ್ ಕ್ರಿಯಾವಿಶೇಷಣವನ್ನು ಎರಡು ‘ಡಿ’ ಹಾಕಿ ಬರೆಯಬೇಕೋ, ‘ಟಿಎಚ್’ ಹಾಕಿಯೋ ಎಂದು ಕೇಳಿದ್ದೀರಿ. ಎರಡೂ ಸಾಧುವೇ, ಹೆಚ್ಚು ರೂಢಿಯಲ್ಲಿರುವುದು ಮೊದಲನೆಯದು. ನಮ್ಮ ಮಧೂರು ದೇವಾಲಯದಲ್ಲಿ ಗರ್ಭಗುಡಿಯನ್ನು ಬಲಕ್ಕಿಟ್ಟುಕೊಂಡು ಸುತ್ತು ಬರುವವರ ನಡುವಿನಿಂದ ಮಗುವೊಂದು ಅಮ್ಮನ ಕೈ ಬಿಡಿಸಿಕೊಂಡು ಎದುರು ದಿಕ್ಕಿಗೆ ಓಡಿದರೆ, ಅದು ಓಡಿದ ಬಗೆಯೇ ವಿಡರ್‌ಶಿನ್ಸ್. ಸ್ಕಾಟ್‌ಲೆಂಡಿನ ಜನನಂಬಿಕೆಯಲ್ಲೂ ಹೀಗೆ ಸೂರ್ಯನ ಚಲನೆಗೆ ವಿರುದ್ಧವಾಗಿ ಸುತ್ತುವುದು ಅಶುಭವೆನಿಸಿದ್ದರಿಂದ, ‘ಅಪ್ರದಕ್ಷಿಣವಾಗಿ’ ಎಂಬುದಕ್ಕಿಂತ ಒಪ್ಪುವ ಕನ್ನಡ ಪದ ನನಗೆ ಕಾಣುವುದಿಲ್ಲ. 16ನೆಯ ಶತಮಾನದಿಂದ ಸ್ಕಾಟ್ಸ್ ನುಡಿಯಲ್ಲಿ ಕಾಣುವ ಈ ಪದದ ಮೂಲ ಮಧ್ಯಕಾಲೀನ ಜರ್ಮನ್: ‘ವಿಡರ್’ ಎಂದರೆ ಎದುರು, ‘ಸಿನ್’ ಎಂದರೆ ದಿಕ್ಕು. ಕೊನೆಯ ‘ಎಸ್’ ಬಹುವಚನದ್ದಲ್ಲ, ಜರ್ಮನ್ ಷಷ್ಠೀ ವಿಭಕ್ತಿಯ ಪ್ರತ್ಯಯ. ದಯವಿಟ್ಟು ಅದನ್ನು ಬಿಡಬೇಡಿ.