ಊರ ನಡುವಿನ ಹಳೆಯ ಕ್ರೀಡಾಂಗಣ ಹೊಸದು ಮಾಡಲು ಸರ್ಕಾರದ ದುಡ್ಡು ತರುವುದು ಹೇಗೆ?

"ಹುಬ್ಬಳ್ಳಿ ನೆಹರು ಮೈದಾನಕ್ಕೆ ಸ್ಮಾರ್ಟ್ ಸಿಟಿ ದುಡ್ಡು ಬಂತು, ಹಾವೇರಿ ಊರೊಳಗಿನ ನಮ್ಮ ಹಳೆಯ ಮೈದಾನಕ್ಕೂ ಹಾಗೇ ತರಬಹುದಾ, ಅರ್ಜಿ ಯಾರಿಗೆ ಕೊಡಬೇಕು?" ಅಂತ ಕೇಳಿದ್ದೀರಿ.

ಆ ದಾರಿ ಮುಚ್ಚಿದೆ. ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು, ಹಾವೇರಿಯಾಗಲಿ ಗದಗವಾಗಲಿ ಆ ಪಟ್ಟಿಯಲ್ಲೇ ಇರಲಿಲ್ಲ. ಗದಗದ ಪಕ್ಕದ ಕೊಪ್ಪಳಕ್ಕೆ ಬರುವ ಕಲ್ಯಾಣ ಕರ್ನಾಟಕ ಮಂಡಳಿ ಅನುದಾನವೂ ನಮಗಿಲ್ಲ. ಬೇರೆ ದಾರಿಗಳಿವೆ, ಆದರೆ ಅರ್ಜಿ ಬರೆಯುವ ಮೊದಲು ಜಾಗದ ಕಾಗದ ನೋಡಿ.

ಸಿಟಿ ಸರ್ವೆ ಕಚೇರಿಯಲ್ಲಿ ಉತಾರ (ಜಾಗ ಯಾರ ಹೆಸರಿನಲ್ಲಿದೆ ಎಂಬ ದಾಖಲೆ) ತೆಗೆಸಿ. ಉತಾರದಲ್ಲಿ ಕಂದಾಯ ಇಲಾಖೆ ಹೆಸರು, ಬೀಗದ ಕೈ ಕ್ರೀಡಾ ಇಲಾಖೆ ಹತ್ತಿರ, ಸುತ್ತಲಿನ ಮಳಿಗೆ ಬಾಡಿಗೆ ನಗರಸಭೆಗೆ: ಹಳೆಯ ಮೈದಾನಗಳಲ್ಲಿ ಇಂಥ ಗೋಜಲು ಮಾಮೂಲು. ಜಾಗ ತಕರಾರಿಲ್ಲದೆ ಯಾರದೆಂದು ಇತ್ಯರ್ಥವಾಗದಿದ್ದರೆ ಕೇಂದ್ರದ ಕ್ರೀಡಾ ಯೋಜನೆ ಖೇಲೋ ಇಂಡಿಯಾದ ಕಡತ ಮುಂದೆ ಸರಿಯುವುದಿಲ್ಲ. ಮಳಿಗೆಗಳ ಕರಾರು ಯಾವಾಗ ಮುಗಿಯುತ್ತದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಕಾರ್ಯಾದೇಶ ಕೊಟ್ಟ ಮೇಲೆ ಬಾಡಿಗೆದಾರರು ಕೋರ್ಟಿನಿಂದ ತಡೆಯಾಜ್ಞೆ ತಂದರೆ ಗುತ್ತಿಗೆದಾರ ಜೆಸಿಬಿ ಎತ್ತಿಕೊಂಡು ಹೋಗುತ್ತಾನೆ, ತಿರುಗಿ ಬರುವಾಗ ಹೆಚ್ಚಿನ ದರ ಕೇಳುತ್ತಾನೆ. ಇನ್ನು, ಹಾವೇರಿಯ ಸಿದ್ಧೇಶ್ವರ ದೇವಸ್ಥಾನದಂಥ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಗದಗದಲ್ಲೂ ಇದನ್ನು ನೋಡಲೇಬೇಕು.

ದುಡ್ಡಿನ ವಿಷಯ. ಸಂವಿಧಾನದಲ್ಲಿ ಕ್ರೀಡೆ ರಾಜ್ಯಪಟ್ಟಿಯಲ್ಲಿದೆ, ಹಾಗಾಗಿ ಮೂಲ ಬಾಗಿಲು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ಪ್ರಸ್ತಾವ ಜಿಲ್ಲಾ ಕಚೇರಿಯಿಂದ, ಜಿಲ್ಲಾಧಿಕಾರಿಗಳ ಶಿಫಾರಸಿನೊಂದಿಗೆ ಬೆಂಗಳೂರಿಗೆ ಹೋಗಲಿ. ಖೇಲೋ ಇಂಡಿಯಾ ದುಡ್ಡು ಕೊಡುವುದು ಟ್ರ್ಯಾಕ್, ಹಾಕಿ ಟರ್ಫ್, ಒಳಾಂಗಣ ಹಾಲ್ ಅಂತ ಬಿಡಿಬಿಡಿಯಾಗಿ. "ಇಡೀ ಸ್ಟೇಡಿಯಂ ಹೊಸದು ಮಾಡಿಕೊಡಿ" ಎಂದರೆ ಅಲ್ಲಿ ನಡೆಯದು. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ, ಅದೂ ಇಡೀ ಕ್ಷೇತ್ರಕ್ಕೆ. ಅದರಲ್ಲಿ ಶೌಚಾಲಯ, ಬೋರ್‌ವೆಲ್ ಕೇಳಿ, ಗ್ಯಾಲರಿ ಕೇಳಬೇಡಿ. ಅಂದಾಜುಪಟ್ಟಿಯಲ್ಲಿ 18 ಶೇಕಡಾ ಜಿಎಸ್‌ಟಿ ಮರೆಯಬೇಡಿ: 10 ಕೋಟಿ ಕೆಲಸಕ್ಕೆ ಅದೇ 1.8 ಕೋಟಿ. ಅದನ್ನು ಬಿಟ್ಟು ಮಂಜೂರಾತಿ ತಂದರೆ ಕೊನೆಗೆ ಕತ್ತರಿ ಬೀಳುವುದು ಚರಂಡಿಗೆ.

ವಿಸ್ತೃತ ಯೋಜನಾ ವರದಿ ಮಾಡಿಸುವಾಗ ಮೊದಲು ಟೇಪು ಹಿಡಿದು ಅಳೆಯಿರಿ. ಎಂಟು ಲೇನಿನ 400 ಮೀಟರ್ ಟ್ರ್ಯಾಕಿಗೆ 176.91 ಮೀಟರ್ ಉದ್ದ, 92.52 ಮೀಟರ್ ಅಗಲ ಬೇಕು. ಓಡಿ ಬಂದವರು ನಿಲ್ಲಲು ನೇರ ಓಟದ ಕೊನೆಗೆ ಇನ್ನೂ 17 ಮೀಟರ್ ಬಿಡಬೇಕು. ಅಗಲ 90 ಮೀಟರೇ ಇದ್ದರೆ ಆರು ಲೇನ್ ಸಾಕು, 87.64ಕ್ಕೆ ಕೂರುತ್ತದೆ. "ಕ್ರಿಕೆಟ್ಟೂ ಇರಲಿ, ಟ್ರ್ಯಾಕೂ ಇರಲಿ" ಅನ್ನುವ ಒತ್ತಡ ಬಂದೇ ಬರುತ್ತದೆ. ಟ್ರ್ಯಾಕಿನ ಒಳಗಿನ ಅಗಲ 73 ಮೀಟರ್. ನಡುವೆ ಪಿಚ್ ಇಟ್ಟರೆ ಪಕ್ಕದ ಬೌಂಡರಿಗೆ 36.5 ಮೀಟರ್ ಸಿಗುತ್ತದೆ, ಅಂತರರಾಷ್ಟ್ರೀಯ ಪಂದ್ಯಕ್ಕೆ ಬೇಕಾದ ಕನಿಷ್ಠ 59.43 ಮೀಟರ್. ಎರಡರಲ್ಲೊಂದು ಆರಿಸಿ. ನನ್ನ ಮತ ಕೇಳಿದರೆ, ಊರ ನಡುವಿನ ಮೈದಾನಕ್ಕೆ ಟ್ರ್ಯಾಕು, ಒಳಗೆ ಫುಟ್‌ಬಾಲ್.

ನಮ್ಮ ಭಾಗದಲ್ಲಿ ಟ್ರ್ಯಾಕು ಕೆಡುವುದು ಮೇಲಿನಿಂದಲ್ಲ, ಕೆಳಗಿನಿಂದ. ಎರೆಮಣ್ಣು ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮಣ್ಣು ಪರೀಕ್ಷೆ ಹೇಳಿದಷ್ಟು ಆಳ ಅದನ್ನು ತೆಗೆದು, ಗರಸು ಪದರ ಪದರವಾಗಿ ಹಾಕಿ ರೋಲರ್ ಹೊಡೆಯಬೇಕು. ಮೇಲೆ ಜಲ್ಲಿ, ಎರಡು ಪದರ ಡಾಂಬರು, ಆಮೇಲೆ ಸುಮಾರು 13 ಮಿಲಿಮೀಟರ್ ಸಿಂಥೆಟಿಕ್. ಇಳಿಜಾರು ಒಳಗಡೆಗೆ 100ಕ್ಕೆ 1ರೊಳಗೆ, ಓಟದ ದಿಕ್ಕಿನಲ್ಲಿ 1000ಕ್ಕೆ 1ರೊಳಗೆ. ಒಳ ಅಂಚಿನ ಚರಂಡಿ ನೀರು ಕೊನೆಗೆ ಎಲ್ಲಿಗೆ ಬೀಳುತ್ತದೆ ಎಂಬುದನ್ನು ಲೆವೆಲ್ ಹಿಡಿದೇ ನೋಡಬೇಕು. ವರ್ಷಗಟ್ಟಲೆ ಡಾಂಬರಿನ ಮೇಲೆ ಡಾಂಬರು ಬಿದ್ದು ಸುತ್ತಲಿನ ರಸ್ತೆ ಎತ್ತರವಾಗಿರುತ್ತದೆ, ಮೈದಾನ ತಗ್ಗಿನಲ್ಲಿ ಉಳಿದಿರುತ್ತದೆ. ಆಗ ಹೊರಗಿನ ನೀರೇ ಒಳಗೆ ಬರುತ್ತದೆ.

ಹಳೆಯ ಗ್ಯಾಲರಿ ಒಡೆಯುವ ಮುನ್ನ ಕಾಂಕ್ರೀಟ್ ಕೋರ್ (ಕೊರೆದು ತೆಗೆದ ತುಂಡು) ತೆಗೆಸಿ ಪರೀಕ್ಷೆ ಮಾಡಿಸಿ. ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ಉಳಿಸಬಹುದಾದದ್ದನ್ನು ಉಳಿಸಿದರೆ ದುಡ್ಡೂ ಉಳಿಯುತ್ತದೆ, ಹಳೆಯ ಚಹರೆಯೂ. ಗೇಟು ಮಾತ್ರ ಅಗಲ ಮಾಡಿ, ಹೊರಕ್ಕೆ ತೆರೆಯುವಂತಿರಲಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತರು.

ಕಟ್ಟಲು ಅನುದಾನ ಸಿಕ್ಕೀತು, ನಡೆಸಲು ಸಿಗುವುದಿಲ್ಲ. ಫ್ಲಡ್‌ಲೈಟ್ ಹಚ್ಚದ ತಿಂಗಳೂ ವಿದ್ಯುತ್ ಕಂಪನಿ ಹೆಸ್ಕಾಂ ನಿಗದಿತ ಶುಲ್ಕದ ಬಿಲ್ ಕಳಿಸುತ್ತದೆ. ಸಭೆ-ಸಮಾರಂಭಕ್ಕೆ ಬಾಡಿಗೆ ಕೊಟ್ಟರೆ ದುಡ್ಡು ಬರುತ್ತದೆ ನಿಜ. ಆದರೆ ಪೆಂಡಾಲಿನವರು ಸಿಂಥೆಟಿಕ್ ಮೇಲೆ ಒಂದು ಗೂಟ ಬಡಿದರೆ ಆ ತೂತಿನಿಂದ ನೀರು ಇಳಿದು, ಮುಂದಿನ ಮಳೆಗಾಲದಲ್ಲಿ ಅಲ್ಲಿ ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದು ಹಾಳೆ ಸುಲಿಯುತ್ತದೆ. ಆದ್ದರಿಂದ ಟ್ರ್ಯಾಕಿಗೆ ಪೆಂಡಾಲ್ ನಿಷೇಧ, ಮಳಿಗೆ ಬಾಡಿಗೆಗೆ ಪ್ರತ್ಯೇಕ ಬ್ಯಾಂಕ್ ಖಾತೆ, ಆ ಖಾತೆಯಿಂದ ಮೈದಾನದ ಖರ್ಚಿಗೆ ಮಾತ್ರ ಎಂಬ ಠರಾವನ್ನು ನಗರಸಭೆಯಲ್ಲಿ ಮಾಡಿಸಿ, ಅದರ ದೃಢೀಕೃತ ಪ್ರತಿಯನ್ನು ಪ್ರಸ್ತಾವದ ಜೊತೆಗೇ ಲಗತ್ತಿಸಿ. ಉದ್ಘಾಟನೆ ಆದಮೇಲೆ ಈ ಠರಾವು ಮಾಡಿಸುವುದು ಬಹಳ ಕಷ್ಟ.